ಕನ್ಸೋಲ್ ಆಟಕ್ಕೆ ವೈರ್ ಹೆಡ್‌ಫೋನ್: ‘7.1 ಸರೌಂಡ್’ ಎಂಬ ಬರಹ ನೋಡಿ ಹಣ ಕೊಡುವ ಮುನ್ನ



ರಾಯದುರ್ಗ, ಮಡಕಶಿರಾ ಮತ್ತು ಸುತ್ತಲಿನ ಊರುಗಳ ನಮ್ಮ ಮನೆಗಳಿಗೂ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಬಂದಿವೆ. ಕನ್ಸೋಲ್ ಕೊಡಿಸಿದ ಮೇಲೆ ಮಕ್ಕಳು ಕೇಳುವ ಮುಂದಿನ ವಸ್ತು ಹೆಡ್‌ಫೋನ್. ಅಂಗಡಿಗೆ ಹೋದರೆ ಡಬ್ಬಿಯ ಮೇಲೆ ‘7.1 ಸರೌಂಡ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆ ಬರಹಕ್ಕೇ ಸಾವಿರ, ಎರಡು ಸಾವಿರ ಹೆಚ್ಚು ಬೆಲೆ. ಮನೆಗೆ ತಂದು ಹಾಕಿದರೆ ಆ ಸೌಲಭ್ಯ ಕಂಪ್ಯೂಟರಿಗೆ ಮಾತ್ರ, ಕನ್ಸೋಲಿಗೆ ಇಲ್ಲ ಎಂದು ಗೊತ್ತಾಗುತ್ತದೆ. ಅಂಥ ಖರ್ಚು ತಪ್ಪಲಿ, ಮಕ್ಕಳ ಕಿವಿಯೂ ಕ್ಷೇಮವಾಗಿರಲಿ ಎಂದು ಈ ಮಾಹಿತಿ ಲೇಖನ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಈಗಿನ ಕನ್ಸೋಲ್‌ಗಳಲ್ಲಿ ಸುತ್ತುದನಿಯನ್ನು ತಯಾರಿಸುವುದು ಕನ್ಸೋಲೇ. ಹೆಡ್‌ಫೋನ್ ಅದನ್ನು ಎರಡು ಕಿವಿಗೆ ಶುದ್ಧವಾಗಿ ತಲುಪಿಸಿದರೆ ಸಾಕು. ಆದ್ದರಿಂದ ಹಣವನ್ನು ‘7.1’ಕ್ಕೆ ಕೊಡದೆ ಹಗುರವಾದ ತೂಕ, ಒಳ್ಳೆಯ ಮೈಕ್, ಗಟ್ಟಿ ವೈರ್ ಮತ್ತು ವಾರಂಟಿಗೆ ಕೊಡಿ.

ಎರಡು ಕಿವಿಗೆ ಎಂಟು ದಿಕ್ಕು ಹೇಗೆ?

7.1 ಎಂದರೆ ಕೋಣೆಯಲ್ಲಿ ಕೇಳುಗನ ಸುತ್ತ ಏಳು ಸ್ಪೀಕರ್, ಜೊತೆಗೆ ಗುಡುಗಿನಂಥ ತಗ್ಗು ಸದ್ದಿಗೆ ಒಂದು ಸಬ್‌ವೂಫರ್. ಇದು ಸಿನಿಮಾ ಮಂದಿರ, ಹೋಂ ಥಿಯೇಟರ್‌ಗಳ ಲೆಕ್ಕ. ಹೆಡ್‌ಫೋನಿನಲ್ಲಿ ಸಾಮಾನ್ಯವಾಗಿ ಕಿವಿಗೊಂದು ಸ್ಪೀಕರ್ ಮಾತ್ರ ಇರುತ್ತದೆ. ಒಂದೊಂದು ಕಪ್ಪಿನಲ್ಲಿ ಮೂರು ನಾಲ್ಕು ಚಿಕ್ಕ ಸ್ಪೀಕರ್ ಕೂರಿಸಿದ ಮಾದರಿಗಳೂ ಬಂದಿದ್ದವು. ಅವು ಭಾರ ಹೆಚ್ಚು, ಒಂದೊಂದು ಸ್ಪೀಕರಿನ ಗುಣಮಟ್ಟ ಕಡಿಮೆ. ಹೆಚ್ಚು ದಿನ ನಿಲ್ಲಲಿಲ್ಲ.

ನಮಗೆ ಹುಟ್ಟಿನಿಂದ ಇರುವುದೂ ಎರಡೇ ಕಿವಿ. ಆದರೂ ಹಿಂದಿನಿಂದ ಬೈಕ್ ಬಂದರೆ ತಿರುಗದೆಯೇ ಗೊತ್ತಾಗುತ್ತದೆ. ಇದಕ್ಕೆ ಮೂರು ಕಾರಣ. ಬಲಗಡೆಯ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಅಂತರದಲ್ಲಿ ತಡವಾಗಿ ಮುಟ್ಟುತ್ತದೆ. ತಲೆ ಅಡ್ಡ ಇರುವುದರಿಂದ ಆಚೆ ಕಿವಿಗೆ ಸದ್ದು ಸ್ವಲ್ಪ ಕುಗ್ಗಿ ಕೇಳುತ್ತದೆ. ಈ ಎರಡನ್ನು 1907ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ‍್ಯಾಲೆ ವಿವರಿಸಿದ್ದರು. ಮೂರನೆಯದು ಹೊರಗಿವಿಯ ಮಡಿಕೆಗಳು: ಮುಂದೆ, ಹಿಂದೆ, ಮೇಲಿನಿಂದ ಬರುವ ಸದ್ದನ್ನು ಅವು ಬೇರೆ ಬೇರೆ ರೀತಿ ಬದಲಿಸುತ್ತವೆ, ಆ ವ್ಯತ್ಯಾಸವನ್ನು ಮಿದುಳು ಓದಿಕೊಳ್ಳುತ್ತದೆ.

ಈ ಮೂರನ್ನೂ ಲೆಕ್ಕ ಹಾಕಿ ಎರಡೇ ಸ್ಪೀಕರ್‌ನಲ್ಲಿ ದಿಕ್ಕು ಕೇಳಿಸುವುದೇ ಇಂದಿನ 3ಡಿ ಧ್ವನಿ. ಒಬ್ಬೊಬ್ಬರ ಕಿವಿಯ ಆಕಾರ ಬೇರೆಯಾದ್ದರಿಂದ ಒಂದೇ ಹೆಡ್‌ಫೋನ್ ಅಣ್ಣನಿಗೆ ಅದ್ಭುತವಾಗಿಯೂ ತಮ್ಮನಿಗೆ ಸಾಧಾರಣವಾಗಿಯೂ ಕೇಳಬಹುದು. ಅದು ಹೆಡ್‌ಫೋನಿನ ದೋಷವಲ್ಲ.

ನಿಮ್ಮ ಕನ್ಸೋಲ್ ಯಾವುದು?

ಪ್ಲೇಸ್ಟೇಷನ್ 5: ನಮ್ಮ ದೇಶದಲ್ಲಿ 2021ರ ಫೆಬ್ರುವರಿ 2ರಂದು ಮಾರಾಟಕ್ಕೆ ಬಂತು. ಇದರೊಳಗೆ ‘ಟೆಂಪೆಸ್ಟ್’ ಎಂಬ 3ಡಿ ಧ್ವನಿ ವ್ಯವಸ್ಥೆ ಇದೆ. ಕಂಟ್ರೋಲರಿನ ಕೆಳಗಿರುವ 3.5 ಮಿ.ಮೀ. ಜ್ಯಾಕಿಗೆ ಯಾವುದೇ ಸಾಮಾನ್ಯ ಹೆಡ್‌ಫೋನ್ ಹಾಕಿದರೂ ಇದು ಕೆಲಸ ಮಾಡುತ್ತದೆ. ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿ ಹೆಡ್‌ಫೋನಿನ 3ಡಿ ಆಡಿಯೋ ಆನ್ ಮಾಡಿ. ಅಲ್ಲೇ ನಿಮ್ಮ ಕಿವಿಗೆ ತಕ್ಕ ಪ್ರೊಫೈಲನ್ನೂ ಹೊಂದಿಸಬಹುದು. ಅಲ್ಲಿನ ಸದ್ದುಗಳನ್ನು ಗಮನವಿಟ್ಟು ಕೇಳಿ, ಸರಿಯೆನಿಸುವುದನ್ನು ಆರಿಸಿಕೊಳ್ಳಿ. ಐದು ನಿಮಿಷದ ಈ ಕೆಲಸದಿಂದ ಆಗುವ ಲಾಭ ದುಬಾರಿ ಹೆಡ್‌ಫೋನಿನಿಂದಲೂ ಆಗದು. ಯುಎಸ್‌ಬಿ ಹೆಡ್‌ಫೋನ್‌ಗಳೂ ಈ ಕನ್ಸೋಲಿಗೆ ನಡೆಯುತ್ತವೆ.

ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್: ಇಲ್ಲೂ ಕಂಟ್ರೋಲರಿನಲ್ಲೇ 3.5 ಮಿ.ಮೀ. ಜ್ಯಾಕ್ ಇದೆ. ಸುತ್ತುದನಿಗೆ ಮೂರು ಆಯ್ಕೆ: ‘ವಿಂಡೋಸ್ ಸೋನಿಕ್’ ಉಚಿತ, ‘ಡಾಲ್ಬಿ ಅಟ್ಮೋಸ್’ ಮತ್ತು ‘ಡಿಟಿಎಸ್ ಹೆಡ್‌ಫೋನ್ ಎಕ್ಸ್’ಗೆ ಹಣ ಕಟ್ಟಬೇಕು. ಮೊದಲು ಉಚಿತದ್ದನ್ನೇ ಒಂದು ತಿಂಗಳು ಬಳಸಿ ನೋಡಿ. ಒಂದು ಎಚ್ಚರಿಕೆ: ಕಂಪ್ಯೂಟರಿಗೆಂದು ಮಾಡಿದ ಸಾಮಾನ್ಯ ಯುಎಸ್‌ಬಿ ಹೆಡ್‌ಫೋನ್ ಎಕ್ಸ್‌ಬಾಕ್ಸಿನಲ್ಲಿ ನಡೆಯುವುದಿಲ್ಲ. ಯುಎಸ್‌ಬಿಯದೇ ಬೇಕಿದ್ದರೆ ಡಬ್ಬಿಯ ಮೇಲೆ ಎಕ್ಸ್‌ಬಾಕ್ಸ್‌ಗೆ ತಯಾರಿಸಿದ್ದು ಎಂಬ ಗುರುತು ಇರಲೇಬೇಕು.

ಪ್ಲೇಸ್ಟೇಷನ್ 4: ಈಗಲೂ ಅನೇಕ ಮನೆಗಳಲ್ಲಿ ಇದೇ ಇದೆ. ಜ್ಯಾಕ್ ಇದೆ, ಆದರೆ ಪಿಎಸ್ 5ರಲ್ಲಿರುವಂತೆ ಎಲ್ಲ ಹೆಡ್‌ಫೋನಿಗೂ ಒದಗುವ 3ಡಿ ಧ್ವನಿ ಇಲ್ಲ. ಕೆಲವು ಆಟಗಳು ತಮ್ಮ ಆಡಿಯೋ ಮೆನುವಿನಲ್ಲೇ ಹೆಡ್‌ಫೋನ್ ಆಯ್ಕೆ ಕೊಡುತ್ತವೆ, ಅದನ್ನು ಬಳಸಿ. ಹೆಡ್‌ಫೋನ್ ಹಾಕಿದರೂ ಆಟದ ಸದ್ದು ಟಿವಿಯಲ್ಲೇ ಬರುತ್ತಿದ್ದರೆ ಹೆಡ್‌ಫೋನ್ ಕೆಟ್ಟಿದೆ ಎಂದುಕೊಳ್ಳಬೇಡಿ. ಸೆಟ್ಟಿಂಗ್ಸ್, ಡಿವೈಸಸ್, ಆಡಿಯೋ ಡಿವೈಸಸ್ ಎಂದು ಹೋಗಿ, ಹೆಡ್‌ಫೋನಿಗೆ ‘ಆಲ್ ಆಡಿಯೋ’ ಕಳಿಸುವಂತೆ ಬದಲಿಸಿ.

ನಿಂಟೆಂಡೊ ಸ್ವಿಚ್: ಜ್ಯಾಕ್ ಯಂತ್ರದ ಮೇಲ್ಭಾಗದಲ್ಲೇ ಇದೆ. ಮೊದಲ ಸ್ವಿಚ್‌ನ ಪ್ರೊ ಕಂಟ್ರೋಲರಿನಲ್ಲಿ ಜ್ಯಾಕ್ ಇಲ್ಲ ಎಂಬುದು ನೆನಪಿರಲಿ.

ವೈರ್ ಏಕೆ?

ಪಿಎಸ್ 5, ಎಕ್ಸ್‌ಬಾಕ್ಸ್ ಎರಡೂ ನಮ್ಮ ಫೋನಿಗೆ ಬಳಸುವ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನನ್ನು ನೇರವಾಗಿ ಒಪ್ಪುವುದಿಲ್ಲ. ಅವುಗಳ ವೈರ್‌ಲೆಸ್ ಹೆಡ್‌ಫೋನ್‌ಗಳಿಗೆ ಬೆಲೆ ಜಾಸ್ತಿ, ಬ್ಯಾಟರಿ ಸವೆದರೆ ಬದಲಿಸುವುದೂ ಕಷ್ಟ. ವೈರಿನದಕ್ಕೆ ಚಾರ್ಜ್ ಬೇಡ, ಸದ್ದು ತಡವಾಗುವುದಿಲ್ಲ. ವೈರ್ ಕಂಟ್ರೋಲರಿಗೆ ಸೇರುವುದರಿಂದ ಟಿವಿಯಿಂದ ಎಷ್ಟು ದೂರ ಕೂತರೂ ಒಂದೂಕಾಲು ಮೀಟರ್ ಉದ್ದ ಸಾಕು. ಟಿವಿಯ ಹೆಡ್‌ಫೋನ್ ಜ್ಯಾಕಿಗೆ ಮಾತ್ರ ಹಾಕಬೇಡಿ. ಅಲ್ಲಿ ಕನ್ಸೋಲಿನ ಹೆಡ್‌ಫೋನ್ 3ಡಿ ಸಾಮಾನ್ಯವಾಗಿ ಬರುವುದಿಲ್ಲ, ಮೈಕೂ ನಡೆಯುವುದಿಲ್ಲ.

ಅಂಗಡಿಯಲ್ಲಿ ನೋಡಬೇಕಾದ್ದು

ಪಿನ್: 3.5 ಮಿ.ಮೀ. ಪಿನ್ನಿನ ಮೇಲೆ ಮೂರು ಗೆರೆಗಳಿದ್ದರೆ ಧ್ವನಿ ಮತ್ತು ಮೈಕ್ ಎರಡೂ ಅದರಲ್ಲೇ ಇವೆ. ಎರಡೇ ಗೆರೆ ಇದ್ದರೆ ಕೇಳಬಹುದು, ಮಾತಾಡಲಾಗದು. ಹಸಿರು, ಗುಲಾಬಿ ಬಣ್ಣದ ಎರಡು ಪಿನ್ ಇದ್ದರೆ ಅದು ಕಂಪ್ಯೂಟರಿನದು; ಎರಡನ್ನೂ ಒಂದಾಗಿಸುವ ಕನೆಕ್ಟರ್ ಬೇಕಾಗುತ್ತದೆ. ಎಕ್ಸ್‌ಟೆನ್ಷನ್ ವೈರ್ ಕೊಂಡರೂ ಮೂರು ಗೆರೆಯದ್ದೇ ಇರಲಿ.

‘7.1’ರ ಕೆಳಗಿನ ಸಣ್ಣಕ್ಷರ: ಅಲ್ಲಿ ಸಾಮಾನ್ಯವಾಗಿ ವಿಂಡೋಸ್ ಕಂಪ್ಯೂಟರಿಗೆ ಮಾತ್ರ ಎಂದಿರುತ್ತದೆ. ಹೆಸರಾಂತ ‘ರೇಜರ್ ಬ್ಲ್ಯಾಕ್‌ಶಾರ್ಕ್ ವಿ2 ಎಕ್ಸ್’ ಮಾದರಿಯ 7.1 ಸೌಲಭ್ಯವೂ ತಯಾರಕರ ವಿವರಣೆಯಲ್ಲೇ ವಿಂಡೋಸ್ 10ಕ್ಕೆ ಸೀಮಿತ. ಹಾಗೆಂದು ಅದು ಕೆಟ್ಟ ಹೆಡ್‌ಫೋನಲ್ಲ. ಸುಮಾರು 240 ಗ್ರಾಂ ತೂಕ, 3.5 ಮಿ.ಮೀ. ಪಿನ್ ಇರುವುದರಿಂದ ಕನ್ಸೋಲಿಗೆ ಚೆನ್ನಾಗಿಯೇ ಹೊಂದುತ್ತದೆ. ಕನ್ಸೋಲ್ ಇರುವವರು ಅದನ್ನು ಕೊಳ್ಳುವುದಾದರೆ ಆ ಕಾರಣಕ್ಕೆ ಕೊಳ್ಳಲಿ, 7.1ಕ್ಕಾಗಿ ಬೇಡ.

ಓಮ್ ಲೆಕ್ಕ: ಡಬ್ಬಿಯ ಮೇಲೆ 16ರಿಂದ 64 ಓಮ್ ಒಳಗೆ ಇದ್ದರೆ ಕಂಟ್ರೋಲರಿನ ಶಕ್ತಿ ಸಾಕಾಗುತ್ತದೆ. ಸ್ಟುಡಿಯೋಗೆಂದು ಮಾಡಿದ 250 ಓಮ್‌ನ ಹೆಡ್‌ಫೋನ್ ಎಷ್ಟೇ ಬೆಲೆಯದಾದರೂ ಇಲ್ಲಿ ಸದ್ದು ಸಣ್ಣಗೆ ಬರುತ್ತದೆ. 40 ಮಿ.ಮೀ., 50 ಮಿ.ಮೀ. ಎಂಬ ಸ್ಪೀಕರ್ ಅಳತೆಯೊಂದರಿಂದಲೇ ಗುಣಮಟ್ಟ ತೀರ್ಮಾನವಾಗದು.

ಮುಚ್ಚಿದ್ದೋ ತೆರೆದದ್ದೋ: ಹಿಂಬದಿ ತೆರೆದ ಹೆಡ್‌ಫೋನಿನಲ್ಲಿ ಸದ್ದು ವಿಶಾಲವಾಗಿ ಕೇಳುತ್ತದೆ, ಆದರೆ ಹೊರಗಿನ ಗದ್ದಲವೂ ಒಳಬರುತ್ತದೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ನಡೆಯುವ ಮನೆ, ಬೇಸಿಗೆಯಲ್ಲಿ ಕೂಲರ್ ಓಡುವ ಮನೆಗಳಿಗೆ ಮುಚ್ಚಿದ್ದೇ ಸರಿ. ಗದ್ದಲದ ನಡುವೆ ತೆರೆದದ್ದು ಹಾಕಿದರೆ ಮಕ್ಕಳು ಸದ್ದು ಏರಿಸುತ್ತಲೇ ಹೋಗುತ್ತಾರೆ.

ಮೆತ್ತೆ ಮತ್ತು ತೂಕ: ನಮ್ಮ ಸೀಮೆಯ ಬಿಸಿಲಿಗೆ ರೆಕ್ಸಿನ್ ಮೆತ್ತೆ ಅರ್ಧ ಗಂಟೆಯಲ್ಲಿ ಬೆವರುತ್ತದೆ, ಕೆಲವು ಕಾಲದ ಮೇಲೆ ಸಿಪ್ಪೆ ಏಳುತ್ತದೆ. ಬಟ್ಟೆಯ ಮೆತ್ತೆ ಉತ್ತಮ. ಬಿಚ್ಚಿ ಬದಲಿಸಲು ಬರುವಂತಿದ್ದರೆ ಇನ್ನೂ ಒಳ್ಳೆಯದು. ತೂಕ 300 ಗ್ರಾಂ ದಾಟದಿರಲಿ. ಕನ್ನಡಕ ಹಾಕುವವರು ಕನ್ನಡಕದೊಂದಿಗೇ ಹತ್ತು ನಿಮಿಷ ಹಾಕಿ ನೋಡಲಿ.

ವೈರ್: ಹೆಚ್ಚಿನ ಹೆಡ್‌ಫೋನ್‌ಗಳು ಕೆಡುವುದು ಪಿನ್ನಿನ ಬುಡದಲ್ಲಿ. ಎರಡೂ ಕಡೆ ಬಿಚ್ಚಿ ಬರುವ ವೈರ್ ಇದ್ದರೆ ವೈರ್ ಬದಲಿಸಿದರೆ ಸಾಕು, ಹೆಡ್‌ಫೋನ್ ಉಳಿಯುತ್ತದೆ.

ಮೈಕ್: ನಮ್ಮ ಅನೇಕ ಮಕ್ಕಳು ಶಾಲೆಯಲ್ಲಿ ತೆಲುಗು, ಇಂಗ್ಲಿಷಿನಲ್ಲಿ ಓದುತ್ತಾರೆ, ಆಟದಲ್ಲಿ ಬಳ್ಳಾರಿ, ಶಿರಾ, ಪಾವಗಡದ ಅತ್ತೆ ಮಾವಂದಿರ ಮಕ್ಕಳೊಂದಿಗೆ ಕನ್ನಡದಲ್ಲಿ ಹರಟುತ್ತಾರೆ. ಆ ಮಾತು ಸ್ಪಷ್ಟವಾಗಿ ಕೇಳಬೇಕು. ಬಾಯಿಯ ಹತ್ತಿರಕ್ಕೆ ಬಾಗುವ ಕಡ್ಡಿ ಮೈಕ್ ಇರಲಿ. ಫೋನಿನಲ್ಲಿ ಎರಡು ಮಾತು ರೆಕಾರ್ಡ್ ಮಾಡಿ ಅಂಗಡಿಯಲ್ಲೇ ಕೇಳಿ ನೋಡಿ.

ಸುಮಾರು ಎರಡರಿಂದ ಐದು ಸಾವಿರ ರೂಪಾಯಿ ಒಳಗೆ ಈ ಗುಣಗಳಿರುವ ಹೆಡ್‌ಫೋನ್ ಸಿಗುತ್ತದೆ. ಅದಕ್ಕಿಂತ ಹೆಚ್ಚು ಕೊಡುವುದು ಇಷ್ಟದ ವಿಷಯ, ಅಗತ್ಯದ್ದಲ್ಲ.

ಒಂದೇ ಕಡೆ ಆನ್ ಇರಲಿ

ಕನ್ಸೋಲಿನಲ್ಲಿ 3ಡಿ, ಆಟದ ಮೆನುವಿನಲ್ಲಿ 3ಡಿ, ಹೆಡ್‌ಫೋನಿನ ಯುಎಸ್‌ಬಿ ಗುಂಡಿಯಲ್ಲಿ 7.1 – ಎಲ್ಲವೂ ಒಟ್ಟಿಗೆ ಆನ್ ಆದರೆ ಸದ್ದು ಡ್ರಮ್ಮಿನೊಳಗಿಂದ ಬಂದಂತಾಗಿ ದಿಕ್ಕೇ ಕಲಸಿಹೋಗುತ್ತದೆ. ಒಂದನ್ನು ಮಾತ್ರ ಉಳಿಸಿ, ಮಿಕ್ಕದ್ದನ್ನು ಆಫ್ ಮಾಡಿ. ಎಡ ಬಲ ಗುರುತು ನೋಡಿ ಹಾಕಿಕೊಳ್ಳುವುದನ್ನೂ ಮರೆಯಬೇಡಿ. ತಿರುಗಿಸಿ ಹಾಕಿದರೆ ಎಡಗಡೆಯ ಹೆಜ್ಜೆ ಸದ್ದಿಗೆ ಆಟಗಾರ ಬಲಕ್ಕೆ ತಿರುಗುತ್ತಾನೆ.

ಕಿವಿಯ ಲೆಕ್ಕ

ಪೋಷಕರು ಈ ಭಾಗವನ್ನು ದಯವಿಟ್ಟು ಪೂರ್ತಿ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬಲ್ ದಾಟಬಾರದು. ಮಕ್ಕಳಿಗೆ ಇದು 75 ಡೆಸಿಬಲ್. ಮೂರು ಡೆಸಿಬಲ್ ಏರಿದಂತೆಲ್ಲ ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. ಮಕ್ಕಳಿಗೆ 78 ಡೆಸಿಬಲ್ ಆದರೆ ವಾರಕ್ಕೆ 20 ಗಂಟೆ, 81 ಆದರೆ 10 ಗಂಟೆ, 84 ಆದರೆ 5 ಗಂಟೆ ಮಾತ್ರ. ಗುಂಡು ಹಾರಿಸುವ ಆಟಗಳಲ್ಲಿ ಸ್ಫೋಟದ ಸದ್ದು ಇದ್ದಕ್ಕಿದ್ದಂತೆ ಏರುವುದರಿಂದ ಇನ್ನೂ ಜಾಗ್ರತೆ ಬೇಕು. ಹೀಗೆ ಕೆಟ್ಟ ಶ್ರವಣಶಕ್ತಿ ಔಷಧಿಯಿಂದ ಮರಳುವುದಿಲ್ಲ.

ಮನೆಯಲ್ಲಿ ಅಳೆಯುವ ಯಂತ್ರ ಇರುವುದಿಲ್ಲ. ಸುಲಭದ ಪರೀಕ್ಷೆ ಹೀಗಿದೆ: ಹೆಡ್‌ಫೋನ್ ಹಾಕಿ ಆಡುತ್ತಿರುವ ಮಗುವನ್ನು ಒಂದು ಮಾರು ದೂರದಿಂದ ಸಹಜ ದನಿಯಲ್ಲಿ ಕರೆಯಿರಿ. ಕೇಳಿಸದಿದ್ದರೆ ಸದ್ದು ಕಡಿಮೆ ಮಾಡಿಸಿ. ಗಂಟೆಗೊಮ್ಮೆ ಹತ್ತು ನಿಮಿಷ ಹೆಡ್‌ಫೋನ್ ತೆಗೆಸಿ. ಆಟ ಮುಗಿದ ಮೇಲೆ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದೆ ಎಂದು ಮಗು ಹೇಳಿದರೆ ಸದ್ದು ಹೆಚ್ಚಾಗಿತ್ತು ಎಂದೇ ಅರ್ಥ. ಅದು ಮರುಕಳಿಸಿದರೆ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ.

ಗಡಿಯಾಚೆ ಕೊಂಡರೆ

ರಾಯದುರ್ಗದವರಿಗೆ ಬಳ್ಳಾರಿ ಹತ್ತಿರ, ಮಡಕಶಿರಾದವರಿಗೆ ಹಿಂದೂಪುರ, ಶಿರಾ. ಬೆಂಗಳೂರಿಗೆ ಹೋದವರು ಎಸ್.ಪಿ. ರಸ್ತೆಯಿಂದ ತರುವುದೂ ಉಂಟು. ಕರ್ನಾಟಕದಲ್ಲಿ ಕೊಂಡ ವಸ್ತು ಕೆಟ್ಟರೆ ದೂರು ಕೊಡಲು ಅಲ್ಲಿಗೇ ಅಲೆಯಬೇಕೆಂಬ ಭಯ ಬೇಡ. 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. 2022ರಲ್ಲಿ ಜಿಲ್ಲೆ ವಿಭಜನೆಯಾಗಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವುದರಿಂದ ಅಲ್ಲಿನ ಸದಸ್ಯರು ದೂರಿನಲ್ಲಿ ಈಗಿನ ಜಿಲ್ಲೆಯ ಹೆಸರನ್ನೇ ಬರೆಯಿರಿ.

ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ಇವೆಲ್ಲಕ್ಕೂ ಆಧಾರ ಬಿಲ್. ‘ಬಿಲ್ ಬೇಡ ಅಂದ್ರೆ ಇನ್ನೂರು ಕಡಿಮೆ’ ಎಂದರೆ ಒಪ್ಪಬೇಡಿ. ಡಬ್ಬಿಯ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಗ್ರಾಹಕ ಸೇವೆಯ ಸಂಖ್ಯೆ ಇರಬೇಕೆಂದು ಪೊಟ್ಟಣದ ಸರಕುಗಳ 2011ರ ನಿಯಮ ಹೇಳುತ್ತದೆ. ಆಮದುದಾರರ ವಿಳಾಸವೇ ಇಲ್ಲದ ಡಬ್ಬಿಗೆ ಇಲ್ಲಿ ವಾರಂಟಿ ಸಿಗುವುದು ಕಷ್ಟ.

ಕೊಳ್ಳುವ ದಿನ ಕೈಯಲ್ಲಿರಲಿ

1. ನಮ್ಮ ಕನ್ಸೋಲ್ ಯಾವುದು, ಕಂಟ್ರೋಲರಿನಲ್ಲಿ ಜ್ಯಾಕ್ ಇದೆಯೇ?
2. ಪಿನ್ನಿನ ಮೇಲೆ ಮೂರು ಗೆರೆ ಇವೆಯೇ?
3. 64 ಓಮ್ ಒಳಗೆ, 300 ಗ್ರಾಂ ಒಳಗೆ ಇದೆಯೇ?
4. ಬಟ್ಟೆಯ ಮೆತ್ತೆ, ಬಿಚ್ಚಿ ಬರುವ ವೈರ್, ಬಾಗುವ ಮೈಕ್ ಇವೆಯೇ?
5. ‘7.1’ಕ್ಕೆಂದೇ ಹೆಚ್ಚು ಹಣ ಕೇಳುತ್ತಿದ್ದಾರೆಯೇ? ಹಾಗಿದ್ದರೆ ಬೇರೆ ಮಾದರಿ ತೋರಿಸಲು ಹೇಳಿ.
6. ಬಿಲ್, ವಾರಂಟಿ ಕಾರ್ಡ್, ಆಮದುದಾರರ ವಿಳಾಸ ಇವೆಯೇ?

ಸಾಧ್ಯವಾದರೆ ಕಂಟ್ರೋಲರನ್ನೂ ಆಡುವ ಮಗುವನ್ನೂ ಅಂಗಡಿಗೆ ಕರೆದೊಯ್ಯಿರಿ. ಪಿನ್ ಸರಿಯಾಗಿ ಕೂರುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ, ತಲೆಗೆ ಬಿಗಿಯೋ ಸಡಿಲವೋ ಎಂಬುದು ಹಾಕಿಕೊಳ್ಳುವವರಿಗೇ ತಿಳಿಯುತ್ತದೆ.