ಲೂರ್ದು ಮಾತೆಯ ಹಬ್ಬದಂದು ತೆರೆದ ಬಾಗಿಲು



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1993ರಿಂದ ವಿಶ್ವ ರೋಗಿಗಳ ದಿನವೂ ಹೌದು. ಕಡಲು ದಾಟಿ ಸೇವೆಗೆ ಹೊರಟ ದಾದಿಯರ ಚರಿತ್ರೆಯಲ್ಲೂ ಈ ದಿನಕ್ಕೆ ವಿಶೇಷ ಸ್ಥಾನವಿದೆ.

ನೂರು ವರ್ಷಗಳ ಹಿಂದೆ, ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ, ಪರದೆಯೊಳಗಿನ ಹೆಂಗಸರು ಪುರುಷ ವೈದ್ಯರ ಬಳಿ ಹೋಗುವಂತಿರಲಿಲ್ಲ. ಹೆರಿಗೆಯ ಕಷ್ಟದಲ್ಲಿ ಎಷ್ಟೋ ತಾಯಂದಿರು ಪ್ರಾಣ ಬಿಟ್ಟರು. ಆದರೆ ವ್ರತ ಸ್ವೀಕರಿಸಿದ ಧರ್ಮಭಗಿನಿಯರು ವೈದ್ಯವೃತ್ತಿ ನಡೆಸುವುದಕ್ಕೆ, ಹೆರಿಗೆ ಮಾಡಿಸುವುದಕ್ಕೆ ಧರ್ಮಸಭೆಯ ಕಾನೂನು ಅಡ್ಡಿಯಾಗಿತ್ತು. ಈ ಅಡ್ಡಿ ತೆಗೆಯಬೇಕೆಂದು ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್ ರೋಮಿಗೆ ಮತ್ತೆ ಮತ್ತೆ ಮೊರೆಯಿಟ್ಟರು. 1913ರಲ್ಲಿ ಅವರು ತೀರಿಕೊಂಡಾಗಲೂ ಅನುಮತಿ ಸಿಕ್ಕಿರಲಿಲ್ಲ.

ಅವರ ಹಾದಿ ಹಿಡಿದ ಆಸ್ಟ್ರಿಯದ ಅನ್ನಾ ಡೆಂಗೆಲ್ ವೈದ್ಯೆಯಾಗಿ 1920ರಲ್ಲಿ ರಾವಲ್ಪಿಂಡಿಗೆ ಬಂದರು. 1925ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಂಸ್ಥೆಯನ್ನು ಆರಂಭಿಸಿದರು. ಮೊದಲಿಗೆ ಇದ್ದವರು ನಾಲ್ವರೇ: ಇಬ್ಬರು ವೈದ್ಯೆಯರು, ಇಬ್ಬರು ದಾದಿಯರು. ಬಹಿರಂಗ ವ್ರತದ ಗೌರವವಿಲ್ಲದೆಯೇ ಅವರು ಸೇವೆಗೆ ಇಳಿದರು. 1936ರ ಫೆಬ್ರವರಿ 11ರಂದು ರೋಮ್ ಅನುಮತಿ ನೀಡಿತು. ಕಾನೂನು ಬದಲಾಗುವವರೆಗೆ ಪ್ರೀತಿ ಕೈಕಟ್ಟಿ ಕೂರಲಿಲ್ಲ.

ನಮ್ಮ ನಾಡೂ ಇಂಥವರಿಗೆ ಋಣಿ. 1854ರಲ್ಲಿ ಫ್ರಾನ್ಸಿನಿಂದ ಬೆಂಗಳೂರಿಗೆ ಬಂದ ಗುಡ್ ಶೆಫರ್ಡ್ ಭಗಿನಿಯರೇ 1886ರಲ್ಲಿ ಸಂತ ಮಾರ್ಥರ ಆಸ್ಪತ್ರೆ ತೆರೆದರು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನಮ್ಮ ಮನೆಗಳಿಂದ ನರ್ಸ್ ಓದಿದ ಮಗಳೊಬ್ಬಳು ಸೇವೆಗೆಂದು ದೂರದೇಶಕ್ಕೆ ಹೊರಟರೆ, “ಅಷ್ಟು ದೂರ ಯಾಕವ್ವಾ?” ಎಂದು ತಡೆಯುವ ಮುನ್ನ ಒಂದು ಮಾತು ನೆನೆಯೋಣ. ಅಂದು ಯಾರೋ ತಾಯಿತಂದೆ ತಮ್ಮ ಮಗಳನ್ನು ಕಳಿಸಿಕೊಟ್ಟದ್ದರಿಂದಲೇ ನಮ್ಮ ರೋಗಿಗಳಿಗೆ ಆರೈಕೆ ದೊರೆಯಿತು.