ಅಂಕಚಕ್ರ ಮತ್ತು ಸತ್ಯಾಣುವ್ರತ

ಅಂಕವಿದ್ಯೆಯು ಜೈನಾಚಾರ್ಯರಿಗೆ ಕೇವಲ ಲೆಕ್ಕಪತ್ರದ ಸಾಧನವಾಗಿರಲಿಲ್ಲ. ಬುದ್ಧಿಯ ಸಂಯಮಕ್ಕೂ ಸಾಧನವಾಗಿತ್ತು. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಕುಮುದೇಂದು ಮುನಿಯ 'ಸಿರಿಭೂವಲಯ'ವಾದರೋ ಅಂಕಿಗಳಲ್ಲೇ ಬರೆದ ಕನ್ನಡ ಕಾವ್ಯ.

ಪೀಣ್ಯವನ್ನು ದಾಟಿ ತುಮಕೂರು ರಸ್ತೆಯಲ್ಲಿ ಸಾಗಿದರೆ ನೆಲಮಂಗಲ ಸಿಗುತ್ತದೆ. ಅದರ ಬಳಿಯ ದೊಡ್ಡಬೆಲೆಯ ಯಲ್ಲಪ್ಪ ಶಾಸ್ತ್ರಿಗಳು ಈ ಗ್ರಂಥವನ್ನು ಕಾಪಾಡಿ ಬೆಳಕಿಗೆ ತಂದರು. ಕರ್ಲಮಂಗಲಂ ಶ್ರೀಕಂಠಯ್ಯನವರ ಪರಿಶ್ರಮವೂ ಸೇರಿ 1953ರಲ್ಲಿ ಅದರ ಭಾಗವು ಬೆಂಗಳೂರಿನಲ್ಲಿ ಅಚ್ಚಾಯಿತು. ಇದರ ಒಂದೊಂದು ಚಕ್ರವೂ 27 ಅಡ್ಡಸಾಲು, 27 ಉದ್ದಸಾಲುಗಳ 729 ಮನೆಗಳುಳ್ಳದ್ದು. 27 ಸ್ವರ, 25 ವರ್ಗೀಯ, 8 ಅವರ್ಗೀಯ, 4 ಯೋಗವಾಹಗಳಿಗೆ 1ರಿಂದ 64ರವರೆಗಿನ ಅಂಕಿಗಳು ಸಂಕೇತ. ಓದುವ ದಾರಿಗೆ 'ಬಂಧ'ವೆಂದು ಹೆಸರು. ಬಂಧವನ್ನು ಅರಿಯದವನಿಗೆ ಚಕ್ರವು ಬರಿಯ ಅಂಕಿಗಳ ರಾಶಿ.

ಇಂದು ಪತ್ರಿಕೆಗಳಲ್ಲಿ ಬರುವ ಸುಡೊಕು ಬೇರೆ ಮೂಲದ್ದು. ಅಮೆರಿಕದ ವಾಸ್ತುಶಿಲ್ಪಿ ಹೊವಾರ್ಡ್ ಗಾರ್ನ್ಸ್ ರೂಪಿಸಿದ ಒಗಟು 1979ರಲ್ಲಿ ಪ್ರಕಟವಾಯಿತು; 1984ರಲ್ಲಿ ಜಪಾನಿಗೆ ಹೋಗಿ ಅಲ್ಲಿ ಈ ಹೆಸರನ್ನು ಪಡೆಯಿತು. ಇಲ್ಲಿಯೂ ಅಂಕಿಯು ಸಂಕೇತಮಾತ್ರ, ಕೂಡುವುದಿಲ್ಲ, ಕಳೆಯುವುದಿಲ್ಲ. 81 ಮನೆಗಳ ಚೌಕದಲ್ಲಿ ಪ್ರತಿ ಅಡ್ಡಸಾಲು, ಉದ್ದಸಾಲು ಹಾಗೂ ಒಂಬತ್ತು ಮನೆಗಳ ಕಿರುಚೌಕದಲ್ಲಿ 1ರಿಂದ 9 ಒಮ್ಮೊಮ್ಮೆ ಮಾತ್ರ ಬರಬೇಕು. ಅಡ್ಡಸಾಲಿನಲ್ಲಿ 3, 5, 8 ಉಳಿದಿವೆಯೆನ್ನೋಣ. ಖಾಲಿ ಮನೆಯ ಉದ್ದಸಾಲಿನಲ್ಲಿ 3 ಇದೆ, ಕಿರುಚೌಕದಲ್ಲಿ 8 ಇದೆ. ಹಾಗಾದರೆ ಅಲ್ಲಿಗೆ 5 ನಿಶ್ಚಯ. ಒಂದೇ ಸಾಲಿನ ಸಾಕ್ಷ್ಯ ಸಾಲದು; ಮೂರೂ ನಯಗಳು ಕೂಡಿದಾಗಲೇ ನಿರ್ಣಯ. ಉತ್ತರ ಒಂದೇ ಆಗಬೇಕಾದರೆ ಕನಿಷ್ಠ 17 ಅಂಕಿಗಳನ್ನು ಮೊದಲೇ ಕೊಟ್ಟಿರಬೇಕೆಂದು 2012ರಲ್ಲಿ ಐರ್ಲೆಂಡಿನ ಗಣಿತಜ್ಞರು ಕಂಪ್ಯೂಟರಿನ ನೆರವಿನಿಂದ ತೋರಿಸಿಕೊಟ್ಟರು.

ಆಧಾರವಿಲ್ಲದೆ ತುಂಬಿದ ಒಂದು ಮನೆ ಮುಂದಿನ ಹತ್ತು ಮನೆಗಳನ್ನು ಕೆಡಿಸುತ್ತದೆ. ಇತಿಹಾಸದ ರೀತಿಯೂ ಇದೇ. 'ಸಿರಿಭೂವಲಯ'ದಲ್ಲಿ 718 ಭಾಷೆಗಳೂ ಸಕಲ ವಿಜ್ಞಾನಗಳೂ ಅಡಗಿವೆ, ಅದು ನೃಪತುಂಗನ ಕಾಲದ್ದು ಎಂದು ಅಭಿಮಾನಿಗಳು ಸಾರುತ್ತಾರೆ. ಭಾಷೆಯನ್ನೂ ಸಾಂಗತ್ಯದ ಛಂದಸ್ಸನ್ನೂ ಪರಿಶೀಲಿಸಿದ ಕೆಲವು ವಿದ್ವಾಂಸರು ಅದನ್ನು ಬಹಳ ಈಚಿನದೆನ್ನುತ್ತಾರೆ. ಸಮಾಜದ ಹೆಮ್ಮೆ ಖಾಲಿ ಮನೆಗೆ ಅಂಕಿಯಾಗಲಾರದು. ಬಿಡಿಸಿದಷ್ಟನ್ನೇ ಬಿಡಿಸಿದೆವೆನ್ನುವುದು ಸತ್ಯಾಣುವ್ರತ. ಹೀಗೆ ನುಡಿದರೆ ಗ್ರಂಥದ ಗೌರವ ಕುಂದದು. ಮುಂದೆ ಬಿಡಿಸಹೊರಡುವ ತರುಣರಿಗೆ ಶುದ್ಧವಾದ ಚಕ್ರವನ್ನು ಒಪ್ಪಿಸಿದಂತಾಗುತ್ತದೆ.