ಅಂಗಡಿಯ ಬಾಗಿಲು ಮತ್ತು ಸಮಾನತೆ



ಇತಿಹಾಸವೆಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೋಟೆ, ಕಾಳಗ, ಸಿಂಹಾಸನ. ಆದರೆ ಜನಸಾಮಾನ್ಯರ ಬದುಕನ್ನು ತಿಳಿಯಬೇಕಾದರೆ ಅರಮನೆಗಿಂತ ಮೊದಲು ಅಂಗಡಿಯನ್ನು ನೋಡಬೇಕು. ಉಪ್ಪು, ಎಣ್ಣೆ, ಬೆಂಕಿಪೆಟ್ಟಿಗೆಗಾಗಿ ಎಲ್ಲರೂ ಹೋಗಲೇಬೇಕಾದ ಜಾಗವದು. ಅಲ್ಲಿ ಯಾರು ಒಳಗೆ ಬರಬಹುದು, ಯಾರು ಹೊರಗೇ ನಿಲ್ಲಬೇಕು ಎಂಬುದರಲ್ಲಿ ಒಂದು ಸಮಾಜದ ನಿಜವಾದ ಮುಖ ಕಾಣುತ್ತದೆ.

ನಮ್ಮ ದೇಶದಲ್ಲಿ ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರು ಕೊಟ್ಟ ಹಣಕ್ಕೆ ಮೈಲಿಗೆ ಇರಲಿಲ್ಲ, ಕೊಟ್ಟ ಕೈಗೆ ಮಾತ್ರ ಇತ್ತು. ಎಷ್ಟೋ ಚಹಾದಂಗಡಿಗಳಲ್ಲಿ ಅವರಿಗೆ ಬೇರೆ ಲೋಟ. ಕುಡಿದ ಮೇಲೆ ಅವರೇ ತೊಳೆದಿಡಬೇಕು. ಕ್ಷೌರದಂಗಡಿಯ ಬಾಗಿಲಂತೂ ಅನೇಕ ಕಡೆ ಅವರ ಪಾಲಿಗೆ ಮುಚ್ಚಿಯೇ ಇತ್ತು.

ಆದ್ದರಿಂದಲೇ ನಮ್ಮ ಸಂವಿಧಾನ 'ಅಂಗಡಿ'ಯನ್ನು ಹೆಸರಿಸಿ ಮಾತನಾಡುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣಕ್ಕಾಗಿ ಯಾವ ನಾಗರಿಕನಿಗೂ ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪ್ರವೇಶವನ್ನು ತಡೆಯಬಾರದೆಂದು 15(2)ನೇ ವಿಧಿ ಹೇಳುತ್ತದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ, ಅಂಗಡಿ ಎಂದರೆ ಏನೇನು ಎಂಬ ಪ್ರಶ್ನೆ ಎದ್ದಿತು. ಡಾ. ಬಿ.ಆರ್. ಅಂಬೇಡ್ಕರ್ ಅದಕ್ಕೆ ವಿಶಾಲವಾದ ಅರ್ಥ ಕೊಟ್ಟರು. ಸೇವೆಯನ್ನು ಅರಸಿ ಬಂದ ಯಾರಿಗಾದರೂ ಸೇವೆ ನೀಡಲು ತೆರೆದಿಟ್ಟ ಜಾಗವೇ ಅಂಗಡಿ ಎಂಬುದು ಅವರ ವಿವರಣೆಯ ಸಾರ. ಒಳಗೆ ಬಿಟ್ಟರೆ ಸಾಲದು, ಸೇವೆಯನ್ನೂ ಕೊಡಬೇಕು ಎಂಬುದು ಇದರ ತಾತ್ಪರ್ಯ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯು ಅಂಗಡಿ, ಹೋಟೆಲುಗಳ ಪ್ರವೇಶವನ್ನು ತಡೆಯುವುದನ್ನೂ ಅಲ್ಲಿನ ಪಾತ್ರೆಗಳ ಬಳಕೆಯನ್ನು ನಿರಾಕರಿಸುವುದನ್ನೂ ಶಿಕ್ಷಾರ್ಹವಾಗಿಸಿತು.

ಈಗ ಅಮೆರಿಕಕ್ಕೆ ಬನ್ನಿ. ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಕರಿಯರು ಅಂಗಡಿಯಲ್ಲಿ ಸಾಮಾನು ಕೊಳ್ಳಬಹುದಿತ್ತು. ಆದರೆ ಅದೇ ಅಂಗಡಿಯ ಉಪಾಹಾರದ ಕಟ್ಟೆಯ ಮುಂದೆ ಬಿಳಿಯರ ಜೊತೆ ಕುಳಿತು ತಿನ್ನುವಂತಿರಲಿಲ್ಲ. 1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ನಗರದ ವೂಲ್‌ವರ್ತ್ ಅಂಗಡಿಗೆ ನಾಲ್ವರು ಕರಿಯ ವಿದ್ಯಾರ್ಥಿಗಳು ಹೋದರು. ಎಜೆಲ್ ಬ್ಲೇರ್, ಡೇವಿಡ್ ರಿಚ್ಮಂಡ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್ ಎಂಬ ಇವರು ಕಾಲೇಜಿನ ಮೊದಲ ವರ್ಷದಲ್ಲಿ ಓದುತ್ತಿದ್ದವರು. ಮೊದಲು ಸಣ್ಣಪುಟ್ಟ ಸಾಮಾನು ಕೊಂಡು ರಸೀದಿ ಪಡೆದರು. ನಂತರ ಉಪಾಹಾರದ ಕಟ್ಟೆಯ ಮುಂದೆ ಕುಳಿತು ಕಾಫಿ ಕೇಳಿದರು. ಒಂದು ಕಡೆ ತಮ್ಮ ಹಣ ಪಡೆದ ಅಂಗಡಿ ಇನ್ನೊಂದು ಕಡೆ ತಮ್ಮನ್ನೇಕೆ ದೂರವಿಡಬೇಕು ಎಂಬುದೇ ಅವರ ಪ್ರಶ್ನೆ. ಕಾಫಿ ಸಿಗಲಿಲ್ಲ. ಅಂಗಡಿ ಮುಚ್ಚುವವರೆಗೂ ಅವರು ಮೌನವಾಗಿ ಕುಳಿತಿದ್ದರು.

ಮರುದಿನ ಇನ್ನಷ್ಟು ವಿದ್ಯಾರ್ಥಿಗಳು ಪುಸ್ತಕ ಹಿಡಿದು ಬಂದು ಕುಳಿತರು. ವಾರ ಕಳೆಯುವಷ್ಟರಲ್ಲಿ ನೂರಾರು ಜನರಾದರು. ಈ ಶಾಂತಿಯುತ ಹೋರಾಟ ಬೇರೆ ಬೇರೆ ನಗರಗಳಿಗೂ ಹಬ್ಬಿತು. ಬೈಗುಳ ತಿಂದರೂ ಅವರು ಕೈಯೆತ್ತಲಿಲ್ಲ. ವ್ಯಾಪಾರ ಕುಸಿದಾಗ ಅಂಗಡಿಯವರು ಮಣಿಯಬೇಕಾಯಿತು. 1960ರ ಜುಲೈ 25ರಂದು ಆ ಕಟ್ಟೆಯಲ್ಲಿ ಮೊದಲು ಊಟ ಮಾಡಿದ ಕರಿಯರು ಅದೇ ಅಂಗಡಿಯ ನೌಕರರು! 1964ರ ನಾಗರಿಕ ಹಕ್ಕುಗಳ ಕಾಯ್ದೆ ಇಂತಹ ಭೇದವನ್ನು ದೇಶದಾದ್ಯಂತ ನಿಷೇಧಿಸಿತು. 2010ರಲ್ಲಿ ಆ ಕಟ್ಟಡ ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವಾಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿ. ಗ್ರೀನ್ಸ್‌ಬರೊದಲ್ಲಿ ಜನರು ಮೊದಲು ಎದ್ದರು, ದೇಶದ ಕಾನೂನು ಆಮೇಲೆ ಬಂತು. ನಮ್ಮಲ್ಲಿ ಚೌದಾರ್ ಕೆರೆಯಂತಹ ಹೋರಾಟಗಳು 1927ರಲ್ಲೇ ನಡೆದಿದ್ದರೂ ಕಾನೂನು ಬಂದ ವೇಗದಲ್ಲಿ ಮನಸ್ಸುಗಳು ಬದಲಾಗಲಿಲ್ಲ. ಪ್ರತ್ಯೇಕ ಲೋಟದ ಸುದ್ದಿಗಳು ಇಂದಿಗೂ ಅಲ್ಲಲ್ಲಿಂದ ಬರುತ್ತಲೇ ಇವೆ. ಕಾನೂನಿಲ್ಲದ ಧೈರ್ಯ ಬಹುಕಾಲ ಬಾಳುವುದಿಲ್ಲ, ಧೈರ್ಯವಿಲ್ಲದ ಕಾನೂನು ಪುಸ್ತಕದಲ್ಲೇ ಉಳಿಯುತ್ತದೆ.

ವಿದ್ಯಾರ್ಥಿ ಮಿತ್ರರೇ, ಆ ನಾಲ್ವರು ನಿಮ್ಮದೇ ವಯಸ್ಸಿನವರು. ಅವರ ಬಳಿ ಅಧಿಕಾರವಿರಲಿಲ್ಲ, ಕೈಯಲ್ಲಿ ಒಂದು ರಸೀದಿ ಇತ್ತು, ಜೊತೆಗೆ ತಾಳ್ಮೆ ಇತ್ತು. ನಾಳೆ ನಿಮ್ಮೂರಿನ ಅಂಗಡಿಗೆ ಹೋದಾಗ ಸುತ್ತ ಒಮ್ಮೆ ನೋಡಿ. ಯಾರನ್ನು 'ಬನ್ನಿ' ಎನ್ನುತ್ತಾರೆ, ಯಾರನ್ನು ಕಾಯಿಸುತ್ತಾರೆ? ನಿಮ್ಮಲ್ಲಿ ಕೆಲವರು ಮುಂದೆ ಅಂಗಡಿ, ದವಾಖಾನೆ, ಕಚೇರಿ ತೆರೆಯುವವರೇ. ಅಂಬೇಡ್ಕರರು ಹೇಳಿದ ಅರ್ಥದಲ್ಲಿ ಅವೆಲ್ಲವೂ ಅಂಗಡಿಗಳೇ. ಅವುಗಳ ಬಾಗಿಲು ಎಲ್ಲರಿಗೂ ಒಂದೇ ಆಗಿರಲಿ.